ನಿಮಿಷದ ಕಸುಬು

ಗಂಜಾಂನ ಕಾವೇರಿ ತೀರದಲ್ಲಿ ನೆಲೆಸಿರುವ ನಿಮಿಷಾಂಬೆಯು ಭಕ್ತರ ಇಷ್ಟಾರ್ಥವನ್ನು ನಿಮಿಷಮಾತ್ರದಲ್ಲಿ ಸಲ್ಲಿಸುವಳೆಂಬುದು ಜನರ ನಂಬಿಕೆ. ನಿಮಿಷವೆಂದರೆ ಮೂಲದಲ್ಲಿ ಕಣ್ಣು ಮಿಟುಕಿಸುವಷ್ಟು ಕಾಲ. ಅಷ್ಟು ಸಣ್ಣ ಕಾಲವನ್ನೇ ನೆಚ್ಚಿ ಹೊಟ್ಟೆ ಹೊರೆದವರು ದೂರದ ಇಂಗ್ಲೆಂಡಿನಲ್ಲಿಯೂ ಇದ್ದರು. 19ನೆಯ ಶತಮಾನದ ಕಡಲತೀರದ ಬಡ ಛಾಯಾಗ್ರಾಹಕರೇ ಅವರು.

1841ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ರೈಲು ಬಂದಿತು; ವಿಹಾರಕ್ಕೆ ಬರುವ ಜನ ಹೆಚ್ಚಿದರು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬಾತನು ಗಾಜಿನ ಮೇಲೆ ಚಿತ್ರ ಮೂಡಿಸುವ ಹೊಸ ವಿಧಾನವನ್ನು ಪ್ರಕಟಿಸಿ, ಅದಕ್ಕೆ ಪೇಟೆಂಟ್ ಪಡೆಯದೆ ಲೋಕಕ್ಕೆ ಬಿಟ್ಟುಕೊಟ್ಟನು. ಆತ 1857ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಆದರೆ ಅಲ್ಪ ಬಂಡವಾಳದ ಅನೇಕರಿಗೆ ಆತನಿಂದ ಅನ್ನದ ದಾರಿ ತೆರೆಯಿತು.

ಆ ಅನ್ನವೇನೂ ಸುಲಭದ್ದಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಡಿ, ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಪಸೆ ಆರುವ ಮುನ್ನ, ಹೆಚ್ಚೆಂದರೆ ಹತ್ತು ಹದಿನೈದು ನಿಮಿಷಗಳೊಳಗೆ, ಚಿತ್ರ ತೆಗೆದು ತೊಳೆದು ಮುಗಿಸಬೇಕು. ಮರಳಿನ ಮೇಲೆ ಕತ್ತಲೆಕೋಣೆ ಎಲ್ಲಿಂದ ಬರಬೇಕು? ಕೈಗಾಡಿ, ಸಣ್ಣ ಡೇರೆಗಳೇ ಗತಿ. ಗಾಳಿ ಬೀಸಿದರೆ ಹಸಿ ಫಲಕಕ್ಕೆ ಮರಳು ಮೆತ್ತಿಕೊಳ್ಳುವುದು. ಬಿಸಿಲೇರಿದರೆ ಪಸೆ ಬೇಗ ಆರುವುದು. ಕೆಲವು ಸೆಕೆಂಡುಗಳ ಕಾಲ ಸುಮ್ಮನಿರಲಾರದೆ ಮಗು ತಲೆಯಾಡಿಸಿದರೆ ಮುಖವೇ ಕದಡಿಹೋಗುವುದು. ಪಟ್ಟ ಶ್ರಮವೆಲ್ಲ ನೀರುಪಾಲು. ಮಳೆಯ ದಿನ ಸಂಪಾದನೆಯಿಲ್ಲ, ಚಳಿಗಾಲದಲ್ಲಿ ಗಿರಾಕಿಗಳಿಲ್ಲ. ಬೆರಳುಗಳ ಮೇಲಿನ ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ ಮಾತ್ರ ಸಾಬೂನಿಗೂ ಹೋಗುತ್ತಿರಲಿಲ್ಲ.

ಮುಂದೆ ಗಾಜಿನ ಬದಲು ಕಪ್ಪು ಅರಗು ಬಳಿದ ತೆಳು ಕಬ್ಬಿಣದ ತಗಡು ಬಳಕೆಗೆ ಬಂದಿತು. ಅದು ಅಗ್ಗ, ಒಡೆಯುವ ಭಯವಿಲ್ಲ. ಗಿರಾಕಿ ಕಾದು ನಿಂತು ಕೆಲವೇ ನಿಮಿಷಗಳಲ್ಲಿ ಚಿತ್ರವನ್ನು ಕೊಂಡೊಯ್ಯಬಹುದು. ಆದರೆ ಈ ವಿಧಾನದಲ್ಲಿ ನೆಗೆಟಿವ್ ಇಲ್ಲ. ಇರುವುದೊಂದೇ ಚಿತ್ರ, ಅದೂ ಗಿರಾಕಿಯ ಪಾಲಿನದು. ದಿನವೆಲ್ಲ ಪರರ ಮುಖಗಳನ್ನು ಉಳಿಸಿಕೊಟ್ಟವನು ಸಂಜೆ ಮನೆಗೆ ಒಯ್ಯುತ್ತಿದ್ದುದು ಕೆಲವು ನಾಣ್ಯಗಳನ್ನು ಮಾತ್ರ.

1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಒಣ ಫಲಕದ ವಿಧಾನವನ್ನು ಪ್ರಕಟಿಸಿದನು. 1888ರಲ್ಲಿ ಕೊಡಕ್ ಕ್ಯಾಮೆರಾ, 1900ರಲ್ಲಿ ಐದು ಶಿಲಿಂಗಿನ ಬ್ರೌನಿ ಬಂದವು. ವಿಹಾರಕ್ಕೆ ಬಂದ ಕುಟುಂಬ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳತೊಡಗಿತು. ಹಳೆಯ ಕಸುಬು ಕ್ರಮೇಣ ಸೊರಗಿತು.

ಆ ತಗಡುಗಳಲ್ಲಿ ಹಲವು ಇಂದಿಗೂ ಉಳಿದಿವೆ. ಕೊಡೆ ಹಿಡಿದ ತಾಯಿ, ಬಿಗಿದು ಕುಳಿತ ತಂದೆ, ಕಷ್ಟಪಟ್ಟು ಸುಮ್ಮನಿರುವ ಮಗು ಅಲ್ಲಿದ್ದಾರೆ. ಅವರನ್ನು ಅಲುಗಾಡದಂತೆ ಒಲಿಸಿ ನಿಲ್ಲಿಸಿದವನ ಹೆಸರು ಹೆಚ್ಚಿನವುಗಳಲ್ಲಿ ಇಲ್ಲ.