ಕಡಲಿಗೆ ಹೊರಡುವ ಮುನ್ನ

ಪ್ರವಾಸದ ಸುಖದಲ್ಲಿ ಅರ್ಧ ಪಾಲು ಹೊರಡುವ ಮೊದಲೇ ದೊರೆಯುತ್ತದೆಂದು ಬಲ್ಲವರು ಹೇಳುವುದುಂಟು. ಊರನ್ನು ಕಾಣುವ ಮೊದಲು ಅದರ ಹೆಸರನ್ನು ನಕ್ಷೆಯಲ್ಲಿ ಹುಡುಕುವುದು, ದಾರಿಯನ್ನು ಬೆರಳಿನಿಂದ ಅಳೆಯುವುದು, ಗಂಟುಮೂಟೆಗಳ ಪಟ್ಟಿಯನ್ನು ಬರೆದು ಹರಿದು ಮತ್ತೆ ಬರೆಯುವುದು, ಇವೆಲ್ಲವೂ ಪ್ರವಾಸವೇ. ಇದರಲ್ಲಿ ಬಿಸಿಲಿಲ್ಲ, ಬಳಲಿಕೆಯಿಲ್ಲ, ಕೈಯಿಂದ ಹಣವೂ ಜಾರುವುದಿಲ್ಲ. ಆದರೆ ಮನೆಮಂದಿಯೆಲ್ಲ ಕೂಡಿ ಹೊರಡುವುದಾದರೆ ಈ ಮೊದಲ ಅರ್ಧವೇ ಕಠಿನವಾದುದು. ಒಬ್ಬೊಬ್ಬರ ಮನಸ್ಸಿನಲ್ಲಿಯೂ ಒಂದೊಂದು ಊರಿರುತ್ತದೆ. ಹೋಗಬೇಕಾದುದು ಮಾತ್ರ ಒಂದೇ ಊರಿಗೆ.

ನಾವು ತುಮಕೂರು ಜಿಲ್ಲೆಯ ಬಯಲುಸೀಮೆಯವರು. ರಾಗಿಯ ಹೊಲ, ಹುಣಸೆಯ ತೋಪು, ಮಳೆ ಬಂದರೆ ತುಂಬುವ ಕೆರೆ, ಇವು ನಮ್ಮ ಜಗತ್ತು. ಮೀನೆಂದರೆ ನಮಗೆ ಕೆರೆಯ ಮೀನು; ಕಡಲ ಮೀನೆಂದರೆ ಸಂತೆಯಲ್ಲಿ ಸಿಗುವ ಒಣಮೀನು. ನನ್ನ ತಾಯಿಯ ವಯಸ್ಸು ಅರವತ್ತೆಂಟು. ಆಕೆಗೆ ಕಡಲಿನ ಪರಿಚಯವಾದುದು ಆ ಒಣಮೀನಿನ ವಾಸನೆಯಿಂದಲೇ ಹೊರತು ಕಣ್ಣಿನಿಂದಲ್ಲ. ನಮ್ಮ ತಂದೆ ಬದುಕಿದ್ದಾಗ, “ಈ ವರ್ಷ ಬೆಳೆ ಕೈಗೆ ಬಂದರೆ ಒಮ್ಮೆ ಸಮುದ್ರ ನೋಡಿ ಬರೋಣ” ಎನ್ನುತ್ತಿದ್ದರು. ಒಂದು ವರ್ಷ ಮಳೆ ಬರಲಿಲ್ಲ. ಇನ್ನೊಂದು ವರ್ಷ ಬಾವಿ ತೋಡಿಸಬೇಕಾಯಿತು. ಮತ್ತೊಂದು ವರ್ಷ ತಂಗಿಯ ಮದುವೆ. ಹೀಗೆ ಕಡಲು ಪ್ರತಿವರ್ಷವೂ ಒಂದು ವರ್ಷ ದೂರ ಸರಿಯುತ್ತಲೇ ಹೋಯಿತು. ತಂದೆ ಹೋಗಿ ಹನ್ನೆರಡು ವರ್ಷಗಳಾದವು.

ಈ ಬಾರಿ ದಸರಾ ರಜೆಯಲ್ಲಿ ಮೂರು ದಿನಗಳ ಬಿಡುವು ಮಾಡಿಕೊಂಡು ಉಡುಪಿಯ ಕಡೆಗೆ ಹೋಗುವುದೆಂದು ನಿಶ್ಚಯವಾಯಿತು. ಕೂಡಲೇ ಮಕ್ಕಳಿಬ್ಬರೂ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪಟ್ಟಿ ಬರೆಯತೊಡಗಿದರು. ಮಲ್ಪೆ, ದ್ವೀಪ, ಕಾಪುವಿನ ದೀಪಸ್ತಂಭ, ಮರವಂತೆ, ಮುರುಡೇಶ್ವರ, ಗೋಕರ್ಣ, ಕಾರವಾರ! ಕರಾವಳಿಯ ಉದ್ದ ಮುನ್ನೂರು ಕಿಲೋಮೀಟರುಗಳಷ್ಟಿದೆಯೆಂಬುದನ್ನು ಭೂಗೋಳದ ಪಾಠದಲ್ಲಿ ಕಂಠಪಾಠ ಮಾಡಿದ್ದವರು, ಪಟ್ಟಿ ಬರೆಯುವಾಗ ಅದನ್ನು ಸಂಪೂರ್ಣವಾಗಿ ಮರೆತಿದ್ದರು. ನಾನು ಪ್ರತಿ ಊರಿನ ಮುಂದೆಯೂ ಅಲ್ಲಿಗೆ ಹೋಗಲು ಬೇಕಾದ ಗಂಟೆಗಳನ್ನು ಬರೆದು ಕೂಡಿಸಲು ಹೇಳಿದೆ. ಕೂಡಿಸಿ ನೋಡಿದರೆ ಮೂರು ದಿನಗಳೂ ಬಸ್ಸಿನಲ್ಲಿಯೇ ಕಳೆದು, ಕಡಲನ್ನು ಕಿಟಕಿಯಿಂದ ನೋಡಬೇಕಾಗುತ್ತಿತ್ತು. ಉತ್ತರದ ಊರುಗಳನ್ನು ಮಗಳು ನಿಟ್ಟುಸಿರಿನೊಡನೆ ಒಂದೊಂದಾಗಿ ಅಳಿಸಿದಳು. ಪ್ರವಾಸದ ಯೋಜನೆಯಲ್ಲಿ ಕೂಡುವ ಲೆಕ್ಕಕ್ಕಿಂತ ಕಳೆಯುವ ಲೆಕ್ಕವೇ ಮುಖ್ಯವೆಂಬುದು ಆ ಸಂಜೆ ನಮಗೆ ಮನವರಿಕೆಯಾಯಿತು.

ಕಾಲವನ್ನು ಆರಿಸುವುದೂ ಒಂದು ವಿದ್ಯೆಯೇ. “ಬೇಸಿಗೆಯ ರಜೆ ಮುಗಿಯುವ ಹೊತ್ತಿಗೆ, ಜೂನಿನಲ್ಲಿಯೇ ಹೋಗಬಹುದಾಗಿತ್ತಲ್ಲ ಅಪ್ಪಾ?” ಎಂದು ಮಗ ಕೇಳಿದ. ಮೀನು ತಿನ್ನಬೇಕೆನ್ನುವವನು ಕೇಳುವ ಮಾತಲ್ಲ ಅದು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮುಂಗಾರಿನ ಕಡಲು ಉಗ್ರವಾಗಿರುವುದು ಇದಕ್ಕೊಂದು ಕಾರಣ. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ ಅದೇ ಆಗಿರುವುದು ಇನ್ನೊಂದು ಕಾರಣ. ಕಡಲಿನಲ್ಲಿ ಆಗ ಇನ್ನೂ ಒಂದು ಅದ್ಭುತ ನಡೆಯುತ್ತದೆ. ಮುಂಗಾರಿನ ದಿನಗಳಲ್ಲಿ ಕರೆಯ ಸಮೀಪದ ಮೇಲ್ಮೈ ನೀರು ಸರಿದು, ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಆ ನೀರಿನೊಡನೆ ತಳದಲ್ಲಿದ್ದ ಪೋಷಕಾಂಶಗಳೂ ಮೇಲೆ ಬರುತ್ತವೆ. ಅವುಗಳನ್ನುಂಡು ಕಣ್ಣಿಗೆ ಕಾಣದ ಸಸ್ಯಜೀವಿಗಳು ಕೋಟ್ಯಂತರವಾಗಿ ಬೆಳೆಯುತ್ತವೆ. ಅವನ್ನು ಆಶ್ರಯಿಸಿ ಬೂತಾಯಿ, ಬಂಗುಡೆಗಳ ಹಿಂಡುಗಳು ಬೆಳೆಯುತ್ತವೆ. ಮಳೆ ನಮ್ಮ ಹೊಲವನ್ನು ಹಸುರು ಮಾಡುವ ಹೊತ್ತಿನಲ್ಲಿಯೇ ಕಡಲೂ ಹೀಗೆ ಹಸುರಾಗುತ್ತದೆ. ಅಲ್ಲಿಯೂ ಅದು ಬಿತ್ತನೆಯ ಕಾಲ. ಬಿತ್ತಿದ ಹೊಲಕ್ಕೆ ಯಾರೂ ಕುಡುಗೋಲು ಹಿಡಿದು ಇಳಿಯುವುದಿಲ್ಲ.

ಈ ಮಾತನ್ನು ಒಳಗಿನಿಂದಲೇ ಕೇಳಿಸಿಕೊಂಡ ನನ್ನ ತಾಯಿ, “ಹಾಗಾದರೆ ಅವರಿಗೂ ಮಳೆಯದೇ ದಾರಿ ಕಾಯುವ ಬದುಕೇನಪ್ಪಾ?” ಎಂದು ಕೇಳಿದರು. ಅಲ್ಲಿಯವರೆಗೆ ಆಕೆ ನಮ್ಮ ಯೋಜನೆಯಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಕೇಳಿದಾಗಲೆಲ್ಲ, “ನೀವು ಹೋಗಿ ಬನ್ನಿ. ಮನೆ, ದನ ನೋಡಿಕೊಳ್ಳಲು ಒಬ್ಬರು ಬೇಡವೇ? ಸಮುದ್ರವೆಂದರೆ ನೀರು ತಾನೆ!” ಎಂದು ಜಾರಿಕೊಳ್ಳುತ್ತಿದ್ದರು. ನಿಜವಾದ ಕಾರಣ ಆಕೆಯ ಮೊಣಕಾಲಿನ ನೋವೆಂಬುದು ನಮಗೆಲ್ಲ ತಿಳಿದಿತ್ತು. ತನ್ನಿಂದಾಗಿ ಮೊಮ್ಮಕ್ಕಳ ಆಟಪಾಟಗಳಿಗೆ ಅಡ್ಡಿಯಾಗಬಾರದೆಂಬುದು ಆಕೆಯ ಸಂಕೋಚ.

ಅಡ್ಡಿ ಬಂದುದು ದ್ವೀಪದ ವಿಷಯದಲ್ಲಿಯೇ. ಮಲ್ಪೆಯ ಎದುರಿನಲ್ಲಿರುವ ಸೇಂಟ್ ಮೇರಿ ದ್ವೀಪಗಳು ಮಗನ ಪಟ್ಟಿಯಲ್ಲಿ ಮೊದಲನೆಯವು. ಕಡಲಿನ ನಡುವೆ ಐದಾರು ಮುಖಗಳ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಅಲ್ಲಿ ಶಿಲೆಗಳು ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಭೂಭಾಗಗಳು ಒಂದನ್ನೊಂದು ಬಿಟ್ಟು ಸರಿದ ಕಾಲದಲ್ಲಿ, ಉಕ್ಕಿದ ಲಾವಾರಸ ತಣಿದು ಸಂಕುಚಿಸಿ ಬಿರಿದುದರಿಂದ ಈ ಕಂಬಗಳಾದವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬತ್ತಿದ ಕೆರೆಯಂಗಳದ ಕೆಸರು ಒಣಗಿ ಬಿರಿಯುವುದನ್ನು ಕಂಡ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂಬ ಪ್ರತೀತಿಯೂ ಇದೆ. ಇಷ್ಟೆಲ್ಲ ಓದಿಕೊಂಡಿದ್ದ ಮಗ, ಅಜ್ಜಿ ದೋಣಿಯನ್ನು ಹತ್ತಿ ಇಳಿಯಲಾರರೆಂಬ ಮಾತು ಬಂದಾಗ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ನಾನು ಪಟ್ಟಿಯನ್ನು ನೋಡಿದಾಗ ‘ದ್ವೀಪ’ ಎಂಬ ಪದದ ಮೇಲೆ ಒಂದು ಗೆರೆ ಎಳೆದಿತ್ತು. ಯಾರೂ ಅವನಿಗೆ ಹಾಗೆ ಮಾಡಲು ಹೇಳಿರಲಿಲ್ಲ.

ಆ ಗೆರೆ ಅಜ್ಜಿಯ ಕಣ್ಣಿಗೂ ಬಿತ್ತು. ಆಕೆ ಹಾಳೆಯನ್ನು ಕೈಗೆ ತೆಗೆದುಕೊಂಡು, “ಇದನ್ನು ಮತ್ತೆ ಬರಿ ಮಗು. ನೀವು ದೋಣಿಯಲ್ಲಿ ಹೋಗಿ ಬನ್ನಿ. ನಾನು ದಡದಲ್ಲಿ ಕುಳಿತಿರುತ್ತೇನೆ. ಕಾಣುವ ಸಮುದ್ರ ಎಲ್ಲಿಂದ ನೋಡಿದರೂ ಒಂದೇ. ಆದರೆ ನನ್ನದೂ ಒಂದು ಬರೆದುಕೋ” ಎಂದರು. ನಾವೆಲ್ಲರೂ ಕಿವಿಗೊಟ್ಟೆವು. “ನಲವತ್ತು ವರ್ಷ ಸಂತೆಯಲ್ಲಿ ಮೀನು ಕೊಂಡಿದ್ದೇನೆ. ಅದು ದೋಣಿಯಿಂದ ಇಳಿಯುವುದನ್ನು ಒಮ್ಮೆ ನೋಡಬೇಕು. ಅದನ್ನು ಹಿಡಿಯುವವರನ್ನೂ ನೋಡಬೇಕು.”

ದೇವಸ್ಥಾನವನ್ನೋ ಸೂರ್ಯಾಸ್ತವನ್ನೋ ಕೇಳಬಹುದೆಂದು ನಾವು ಎಣಿಸಿದ್ದೆವು. ಆಕೆ ಕೇಳಿದುದು ದುಡಿಮೆಯನ್ನು. ಸ್ಥಳಗಳನ್ನಷ್ಟೇ ಬರೆದಿದ್ದ ನಮ್ಮ ಪಟ್ಟಿಯಲ್ಲಿ ಮನುಷ್ಯರು ಇರಲೇ ಇಲ್ಲವೆಂಬುದು ಆಗ ಹೊಳೆಯಿತು. ಅಂದಿನಿಂದ ನಾನು ಕರಾವಳಿಯ ಮೊಗವೀರರೇ ಮೊದಲಾದ ಮೀನುಗಾರರ ಬದುಕನ್ನು ಕುರಿತು ದೊರೆತುದನ್ನೆಲ್ಲ ಓದಿ ರಾತ್ರಿ ಊಟದ ಹೊತ್ತಿಗೆ ಹೇಳತೊಡಗಿದೆ. ಹಿಂದೆ ಅಲ್ಲಿ ರಂಪಣಿಯೆಂಬ ಬಹು ದೊಡ್ಡ ಬಲೆಯಿತ್ತು. ದೋಣಿಯಲ್ಲಿ ಅದನ್ನು ಕೊಂಡೊಯ್ದು ಮೀನಿನ ಹಿಂಡನ್ನು ಸುತ್ತುಗಟ್ಟಿ, ಹತ್ತಾರು ಜನ ದಡದಲ್ಲಿ ನಿಂತು ಎರಡು ತುದಿಗಳಿಂದ ಎಳೆಯುತ್ತಿದ್ದರು. ದೊರೆತುದನ್ನು ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಯಂತ್ರದ ದೋಣಿಗಳು ಪರ್ಸೀನ್ ಬಲೆಗಳನ್ನು ಹೊತ್ತು ಆಳಕ್ಕೆ ಹೋಗಿ ಹಿಂಡುಗಳನ್ನು ಅಲ್ಲಿಯೇ ಹಿಡಿಯತೊಡಗಿದವು. ದಡದಲ್ಲಿ ಕಾಯುವ ರಂಪಣಿಗೆ ಮೀನು ಬರುವುದು ಕಡಿಮೆಯಾಯಿತು. ಇದನ್ನು ಕೇಳಿ ನನ್ನ ತಾಯಿ, “ಮೇಲಿನ ಹೊಲದವನು ಆಳವಾದ ಕೊಳವೆಬಾವಿ ಕೊರೆಸಿದರೆ ಕೆಳಗಿನ ಬಾವಿ ಬತ್ತಿದ ಹಾಗೆ” ಎಂದರು. ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ.

ಆ ಮೇಲೆ ಯೋಜನೆ ತಾನಾಗಿಯೇ ರೂಪುಗೊಂಡಿತು. ನಮ್ಮದು ಸೋಮವಾರ, ಶನಿವಾರ ಮೀನು ಮುಟ್ಟದ ಮನೆ. ಆದ್ದರಿಂದ ಪ್ರಯಾಣಕ್ಕೆ ಸೋಮವಾರವೇ ಸರಿ. ಬೆಳಗಿನ ರೈಲಿನಲ್ಲಿ ಶಿವಮೊಗ್ಗ. ಅಲ್ಲಿಂದ ತೀರ್ಥಹಳ್ಳಿಯ ಮೇಲೆ ಸಣ್ಣ ಬಸ್ಸಿನಲ್ಲಿ ಆಗುಂಬೆಯ ಘಟ್ಟದ ತಿರುವುಗಳನ್ನಿಳಿದು ಉಡುಪಿ. ಅಂದಿನ ಸಂಜೆ ಕೃಷ್ಣಮಠ ಮತ್ತು ಕನಕನ ಕಿಂಡಿ. ಮೀನೂಟದ ಮೊದಲು ದೇವರ ದರ್ಶನವಾಗಬೇಕೆಂಬ ತಾಯಿಯ ನಿಯಮವೂ ಇದರಿಂದ ಉಳಿಯಿತು. ಮಂಗಳವಾರ ನಸುಕಿನಲ್ಲಿ ಎದ್ದು ಮಲ್ಪೆಯ ಬಂದರು. ದೋಣಿಗಳು ದಡ ಸೇರಿ, ಬುಟ್ಟಿಗಳು ಇಳಿದು, ಹರಾಜಿನ ಕೂಗು ಏಳುವ ಹೊತ್ತದು. ಬಿಸಿಲೇರುವ ಮೊದಲು ನಾನು, ಮಕ್ಕಳು ದ್ವೀಪಕ್ಕೆ. ತಾಯಿ ಮತ್ತು ನನ್ನ ಪತ್ನಿ ಮರಳ ದಂಡೆಗೆ. ಸಂಜೆ 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ. ಮೆಟ್ಟಿಲು ಹತ್ತಲಾರದವರಿಗೆ ಕೆಳಗಿನ ಬಂಡೆಗಳ ಬಳಿಯಲ್ಲಿಯೂ ಅದೇ ಸೂರ್ಯನೇ ಮುಳುಗುತ್ತಾನೆ.

ಮಧ್ಯಾಹ್ನದ ಊಟದ ಬಗೆಗೆ ಚರ್ಚೆ ಬಹಳ ನಡೆಯಿತು. ಬಂಗುಡೆಯ ಪುಳಿಮುಂಚಿಯೆಂಬುದು ಮಗಳ ಆಯ್ಕೆ. ಹುರಿದ ಕಾಣೆಮೀನೆಂಬುದು ಮಗನ ಪಟ್ಟು. ಪುಳಿಮುಂಚಿಯೆಂದರೆ ಹುಳಿ ಮತ್ತು ಮೆಣಸು. ಅದಕ್ಕೆ ಆ ಕೆಂಪು ಬಣ್ಣವನ್ನು ಕೊಡುವುದು ಘಟ್ಟದ ಮೇಲಿನ ಬ್ಯಾಡಗಿ ಮೆಣಸಿನಕಾಯಿ. ಹುಳಿಯನ್ನು ಕೊಡುವುದು ನಮ್ಮಂಥ ಬಯಲಿನಲ್ಲಿಯೂ ಬೆಳೆಯುವ ಹುಣಸೆ. ಕಡಲಿನ ಮೀನು, ಬಯಲಿನ ಹುಳಿ ಖಾರ! ಘಟ್ಟದ ಗೋಡೆ ನಡುವೆ ನಿಂತಿದ್ದರೂ ಈ ನಾಡಿನ ಎರಡು ಮಗ್ಗುಲುಗಳು ಒಂದು ಮಡಕೆಯಲ್ಲಿ ಬಹುಕಾಲದಿಂದ ಕೂಡಿ ಬೆಂದಿವೆ. ಮೀನನ್ನು ಆರಿಸುವ ವಿಧಾನವನ್ನು ಮಾತ್ರ ತಾಯಿಯೇ ಮಕ್ಕಳಿಗೆ ಕಲಿಸಿದರು: ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಒಡನೆಯೇ ತುಂಬಬೇಕು. ಕೆರೆಯ ಮೀನಿಗೆ ಸಲ್ಲುವ ನ್ಯಾಯ ಕಡಲಿನ ಮೀನಿಗೂ ಸಲ್ಲುತ್ತದೆ.

ನೀರಿಗಿಳಿಯುವ ವಿಷಯದಲ್ಲಿ ಮಾತ್ರ ನಾನು ಕಠಿನನಾದೆ. ಕೆರೆಯಲ್ಲಿ ಈಜು ಕಲಿತವನಿಗೆ ಕಡಲು ಬೇರೆಯೇ ಒಂದು ಶಾಲೆ. ಬರುವ ತೆರೆಗಿಂತ ಹಿಂದಿರುಗುವ ತೆರೆಯ ಸೆಳೆತ ಅಪಾಯಕರ. ಕಾವಲಿನವರು ಗುರುತಿಸಿದ ಎಲ್ಲೆಯನ್ನು ದಾಟಕೂಡದು. ದ್ವೀಪದ ಪಾಚಿಗಟ್ಟಿದ ಬಂಡೆಗಳ ಅಂಚಿಗೆ ಹೋಗಕೂಡದು ಎಂದು ಹಾಳೆಯ ಕೊನೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಿದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರವಿಳಿತ ಹೆಚ್ಚೆಂದು ತಿಳಿದ ತಾಯಿ, ಪಂಚಾಂಗ ನೋಡಿ ನಮ್ಮ ಮಂಗಳವಾರ ಅವೆರಡಕ್ಕೂ ದೂರವೆಂದು ತೀರ್ಮಾನವಿತ್ತರು. ಅಷ್ಟರಲ್ಲಿ ಆಕೆ ‘ನೀವು ಹೋಗಿ ಬನ್ನಿ’ ಎನ್ನುವುದನ್ನು ಬಿಟ್ಟು ‘ನಾವು ಹೋದಾಗ’ ಎನ್ನತೊಡಗಿದ್ದುದನ್ನು ನನ್ನ ಪತ್ನಿ ಮೆಲ್ಲನೆ ನನ್ನ ಗಮನಕ್ಕೆ ತಂದಳು.

ಈಗ ಹಾಳೆಯಲ್ಲಿ ಬುಧವಾರದ ಬೆಳಗು ಮಾತ್ರ ಖಾಲಿಯಾಗಿದೆ. ಮಧ್ಯಾಹ್ನದ ಬಸ್ಸಿಗೆ ಮೊದಲು ನಾಲ್ಕು ಗಂಟೆಗಳಿವೆ. ಅಲ್ಲಿ ಇನ್ನೊಂದು ಊರನ್ನು ತುರುಕಲು ಮಕ್ಕಳು ಎರಡು ಬಾರಿ ಪ್ರಯತ್ನಿಸಿದರು, ನಾನು ಒಪ್ಪಲಿಲ್ಲ. ಅದು ಅವರ ಅಜ್ಜಿಯ ಹೊತ್ತು. ಆಕೆ ಆ ಹೊತ್ತಿನಲ್ಲಿ ಏನು ಮಾಡುವರೋ ನಾನು ಕೇಳಿಲ್ಲ. ನೋಡುವ ಪಟ್ಟಿಯೊಂದೂ ಇಲ್ಲದೆ, ಹೊರಡುವ ಅವಸರವೊಂದೂ ಇಲ್ಲದೆ, ತೆರೆಗಳ ಮುಂದೆ ಸುಮ್ಮನೆ ಕುಳಿತಿರಲಿ. ನಲವತ್ತು ವರ್ಷ ಮುಂದಕ್ಕೆ ಹೋದ ಒಂದು ಮಾತು ಸಲ್ಲಬೇಕಾದರೆ ಅಷ್ಟು ಹೊತ್ತಾದರೂ ಬೇಡವೇ?