ಹಳೆಯ ಬೈಸಿಕಲ್ಲಿಗೆ ಹೊಸ ಬಣ್ಣ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಿಂದ ಕೆ.ಆರ್. ನಗರ, ಹಾಸನಗಳ ಕಡೆಗೆ ದಾರಿ ಕವಲೊಡೆಯುವುದು ನಮ್ಮ ಬಿಳಿಕೆರೆಯಲ್ಲಿ. ಈ ರಸ್ತೆಗಳಲ್ಲಿ ಬಾಕಿ ವಸೂಲಿಗೂ ಗೊಮ್ಮಟಗಿರಿಯ ದರ್ಶನಕ್ಕೂ ತಂದೆಯವರು ಬಳಸುತ್ತಿದ್ದುದು ಒಂದೇ ವಾಹನ: 28 ಅಂಗುಲದ ಚಕ್ರಗಳ, ಸರಳಿನ ಬ್ರೇಕಿನ, ಕರಿಯ ರ‍್ಯಾಲಿ ಬೈಸಿಕಲ್ಲು. ಕೊಕ್ಕರೆಯ ತಲೆಯುಳ್ಳ ಅದರ ಬಿಲ್ಲೆಯ ಮೇಲೆ ನಾಟಿಂಗ್‌ಹ್ಯಾಮಿನ ಹೆಸರಿದೆ. ಸ್ವಾತಂತ್ರ್ಯಾನಂತರ ಬಂಗಾಳದ ಅಸನ್‌ಸೋಲಿನಲ್ಲಿ ಸೇನ್-ರ‍್ಯಾಲಿ ಕಾರ್ಖಾನೆ ಆರಂಭವಾಯಿತು. ನಮ್ಮದು ಅದಕ್ಕೂ ಹಿಂದಿನದು. ಬಹುಕಾಲ ಉಗ್ರಾಣದ ಗೋಡೆಗೆ ಒರಗಿ ತುಕ್ಕು ಹಿಡಿದಿದ್ದ ಅದನ್ನು ಕಳೆದ ಮಾಘ ಮಾಸದಲ್ಲಿ ಬಿಚ್ಚಿದೆನು.

ಹಳೆಯ ರ‍್ಯಾಲಿಯಲ್ಲಿ ಪೆಡಲಿನ ಅಚ್ಚು ಕೂರುವ ಕಪ್ಪುಗಳಿಗೆ ಅಂಗುಲಕ್ಕೆ 26 ಥ್ರೆಡ್ಡುಗಳು. ಸಾಮಾನ್ಯ ಬ್ರಿಟಿಷ್ ಮಾದರಿಗೆ 24. ಬೇರೆಯದನ್ನು ಬಲವಂತದಿಂದ ತಿರುಗಿಸಿದರೆ ಚೌಕಟ್ಟೇ ಕೆಡುತ್ತದೆ. ಆದ್ದರಿಂದ ಹಳೆಯ ಕಪ್ಪುಗಳನ್ನೇ ಸೀಮೆಎಣ್ಣೆಯಲ್ಲಿ ನೆನೆಸಿ ಉಳಿಸಿಕೊಂಡು, ಉಕ್ಕಿನ ಗುಂಡುಗಳನ್ನು ಮಾತ್ರ ಹೊಸದಾಗಿ ಹಾಕಿದೆ. ಮುಂದಿನ ಫೋರ್ಕ್ ರ‍್ಯಾಲಿಯದಲ್ಲ, ಯಾವಾಗಲೋ ಬದಲಾಯಿಸಿದ್ದು ಎಂಬ ಸಂಗತಿಯೂ ಆಗಲೇ ತಿಳಿಯಿತು.

ಹಳೆಯ ಎನಾಮೆಲ್ಲಿನಲ್ಲಿ ಸೀಸವಿರುವ ಸಂಭವವುಂಟು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರಲ್ಲಿ. ಒಣಗಿದ ಬಣ್ಣವನ್ನು ಹಾಗೆಯೇ ಉಜ್ಜಿದರೆ ಆ ಪುಡಿ ಮಕ್ಕಳ ಉಸಿರಿಗೆ ಸೇರುತ್ತದೆ. ನೀರು ಹನಿಸುತ್ತ ಎಮರಿ ಕಾಗದದಿಂದ ಉಜ್ಜಿ, ಆ ಕೆಸರನ್ನು ಒರೆಸಿ ಡಬ್ಬಿಯಲ್ಲಿ ಮುಚ್ಚಿಟ್ಟೆ. ಬಚ್ಚಲಿಗೆ ಸುರಿದದ್ದು ಎಲ್ಲಿಗೆ ಸೇರುತ್ತದೆಂಬುದು ಕೆರೆಯ ಊರಿನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ರೆಡ್ ಆಕ್ಸೈಡ್ ಒಂದು ಲೇಪ, ಮೇಲೆ ಕಪ್ಪು ಎನಾಮೆಲ್ಲಿನ ಮೂರು ತೆಳುಲೇಪ. ಕಾರ್ಖಾನೆಯಲ್ಲಿ ಕುಲುಮೆಯ ಶಾಖದಿಂದ ಗಟ್ಟಿಯಾಗುವ ಬಣ್ಣ ಮನೆಯಲ್ಲಿ ಗಾಳಿಗೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಸಂಜೆ ದೀಪದ ಕೆಳಗೆ ಹಚ್ಚಿದರೆ ಹುಳುಗಳು ಬಂದು ಅಂಟಿ ಸಾಯುತ್ತವೆ. “ಒಣಗಿದ ಮೇಲೆ ಉಜ್ಜಿದರೆ ಹೋಗುತ್ತೆ ಬಿಡಿ ಸ್ವಾಮಿ” ಎಂದರು ಪರಿಚಯದ ಪೇಂಟರು. ನಾನು ಸೊಳ್ಳೆ ಪರದೆಯೊಳಗೆ ಚೌಕಟ್ಟನ್ನು ತೂಗುಹಾಕಿ, ಬೆಳಗಿನ ಹೊತ್ತಿನಲ್ಲಿ ಮಾತ್ರ ಬಣ್ಣ ಹಚ್ಚಿದೆ. ಬೀದಿಯವರು ನಕ್ಕರು, ನಗಲಿ. ಹಂದಿಯ ಕೂದಲಿನ ಬ್ರಷ್ಷಿನ ಬದಲು ನೈಲಾನಿನದನ್ನು ತಂದೆ. ಚರ್ಮದ ಸೀಟು ಹರಿದುಹೋಗಿತ್ತು; ರೆಕ್ಸಿನ್ನಿನದನ್ನು ಹಾಕಿಸಿದೆ. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಬಣ್ಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಅರಗು ಕೀಟಜನ್ಯವಾದುದರಿಂದ ಲಾಕ್ಷಾವಾಣಿಜ್ಯವು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಉದ್ಯೋಗಗಳಲ್ಲಿ ಸೇರಿದೆ. ಅದರ ಪಾಲಿಶನ್ನೂ ದೂರವಿಟ್ಟೆನು.

ನಿಜವಾದ ತೊಡಕು ಬಂದದ್ದು ಬಣ್ಣ ಒಣಗಿದ ಮೇಲೆ. ಹಳೆಯ ವಾಹನಗಳನ್ನು ಸಂಗ್ರಹಿಸುವ ಮೈಸೂರಿನ ಗೃಹಸ್ಥರೊಬ್ಬರು ನೋಡಿ ಮೆಚ್ಚಿ, ಮೊಮ್ಮಗಳ ಒಂದು ವರ್ಷದ ಕಾಲೇಜು ಶುಲ್ಕಕ್ಕೆ ಸಾಲುವಷ್ಟು ಬೆಲೆ ಹೇಳಿದರು. ಚಿನ್ನದ ಬಣ್ಣದ ಅಕ್ಷರಗಳ ಸ್ಟಿಕ್ಕರು ಈಗ ಹೊಸದಾಗಿಯೇ ದೊರೆಯುತ್ತದೆ, ಅಂಟಿಸಿಬಿಟ್ಟರೆ ಪೂರ್ಣ ಮೂಲರೂಪ ಎಂಬುದು ಅವರ ಮಾತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ತುಪ್ಪಕ್ಕೆ ಎಣ್ಣೆ ಬೆರೆಸುವುದು ಮಾತ್ರ ಅದೆಂದು ನಮ್ಮಂತಹ ವರ್ತಕರು ಭಾವಿಸುತ್ತೇವೆ. ಚೌಕಟ್ಟು ರ‍್ಯಾಲಿಯದೇ ಆಗಿರುವುದರಿಂದ ಅದರ ಮೇಲೆ ಆ ಹೆಸರಿರುವುದು ಸುಳ್ಳಲ್ಲ. ಆದರೆ ಹೊಸ ಅಕ್ಷರದ ಹೊಳಪು ಬೇರೆಯ ಫೋರ್ಕನ್ನೂ ನನ್ನ ಕೈಯ ಬಣ್ಣವನ್ನೂ ಮೂಲದ್ದೆಂದು ನುಡಿಯುವಂತಿದ್ದರೆ, ನುಡಿಸಿದವನು ನಾನೇ ಅಲ್ಲವೆ? ಬಾಯಿಯಿಂದ ಏನೂ ಹೇಳಲಿಲ್ಲವೆಂಬ ಸಮಾಧಾನ ಲೆಕ್ಕಪತ್ರದಲ್ಲಿ ನಿಲ್ಲದು.

ಯಾವ ಭಾಗ ಹಳೆಯದು, ಯಾವುದು ಬದಲಾದುದು, ಬಣ್ಣ ಯಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅವರಿಗೆ ಕೊಟ್ಟೆನು.

“ಕೇಳದ್ದನ್ನು ಹೇಳೋದ್ಯಾಕೆ ಅಪ್ಪಾಜಿ? ಕೇಳಿದ್ರೆ ಹೇಳಿದ್ರಾಯ್ತು” ಎಂದನು ಮಗ. ಅವನ ಮಾತು ಕಾನೂನಿಗೆ ಹೊಂದುವಂಥದೇ ಇರಬಹುದು. ಶುಲ್ಕ ಕಟ್ಟಬೇಕಾದವನೂ ಅವನೇ.

ಫೋರ್ಕಿನ ಸಂಗತಿಯನ್ನು ಓದಿದ ಆ ಗೃಹಸ್ಥರು ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಅದು ಅವರ ಹಕ್ಕು. ನಾವು ಮಾರಲಿಲ್ಲ. ಮಗ ಈಗ ಆ ಬೈಸಿಕಲ್ಲಿನಲ್ಲಿಯೇ ಅಂಗಡಿಗೆ ಬರುತ್ತಾನೆ. ಫೋರ್ಕ್ ಯಾವ ಕಂಪನಿಯದೆಂದು ಹುಣಸೂರಿನ ಸೈಕಲ್ ಅಂಗಡಿಗಳಲ್ಲಿ ವಿಚಾರಿಸುತ್ತಿದ್ದಾನೆ.