ಕೊರಳ ಸರವೂ ಕಣದ ಕಾಳೂ

ತುಮಕೂರಿನ ಅಕ್ಕಸಾಲೆಯ ಮುಂದೆ ಕುಳಿತ ಗೃಹಿಣಿಯು ಬರಿದೆ ‘ಸರ’ ಎಂದರೆ ಅವನಿಗೆ ಸಾಲದು. ಗುಂಡಿನ ಸರವೋ, ಕಾಸಿನ ಸರವೋ, ಅವಲಕ್ಕಿ ಸರವೋ, ಅಡ್ಡಿಕೆಯೋ ಎಂದು ಅವನು ಮರಳಿ ಕೇಳುವನು. ಕನ್ನಡಿಗರ ಆಡುಮಾತು ಒಡವೆಯ ವಿಷಯದಲ್ಲಿ ಅಷ್ಟು ಸೂಕ್ಷ್ಮವಾದುದು. ಆದರೆ ‘ಸರಪಣಿ’ ಎಂಬ ಮಾತಿಗೆ ಬಂದಾಗ ಇದೇ ಕನ್ನಡವು ವಿಚಿತ್ರವಾದ ಔದಾರ್ಯವನ್ನು ತೋರುತ್ತದೆ. ಬಾಗಿಲಿಗೆ ಹಾಕುವುದೂ ಸರಪಣಿ, ಸೆರೆಯಾಳಿನ ಕಾಲಿಗೆ ತೊಡಿಸುವುದೂ ಸರಪಣಿ, ಮದುವಣಿಗನ ಕೊರಳಿಗೆ ಚಿನ್ನದಲ್ಲಿ ಮಾಡಿಸುವುದೂ ಸರಪಣಿ. ಬಂಧನಕ್ಕೂ ಭೂಷಣಕ್ಕೂ ಒಂದೇ ಹೆಸರು. ಪರದೇಶದ ಧರ್ಮಗ್ರಂಥವನ್ನು ಕನ್ನಡದಲ್ಲಿ ಓದುವವನು ಇಲ್ಲಿ ತುಸು ತಡೆಯಬೇಕಾಗುತ್ತದೆ.

ಅಂತಹ ಓದು ಈ ಸೀಮೆಗೆ ಹೊಸದಲ್ಲ. ಬಳ್ಳಾರಿಯ ಜಾನ್ ಹ್ಯಾಂಡ್ಸರು ಬೈಬಲನ್ನು ಕನ್ನಡಕ್ಕೆ ತಂದ ಮೇಲೆ, 1837ರಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಯೂರಿದರು. ಅಲ್ಲಿದ್ದ ತಾಮಸ್ ಹಾಡ್ಸನ್ನರು ಮುಂದೆ 1859ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ರಚಿಸಿದರು. ವಿಲಿಯಂ ಆರ್ಥರರು ಗುಬ್ಬಿಯ ತಮ್ಮ ವಾಸದ ಅನುಭವಗಳನ್ನು 1847ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅವರು ತಂದ ಗ್ರಂಥದ ಹಳೆಯ ಒಡಂಬಡಿಕೆಯ ಮೂಲಭಾಷೆ ಹೀಬ್ರೂ. ಆ ಭಾಷೆಯೂ ಒಡವೆಯ ಮಾತಿನಲ್ಲಿ ಅಕ್ಕಸಾಲೆಗಿಂತ ಕಡಮೆಯದಲ್ಲ.

ಐಗುಪ್ತದ ಅರಸನು ಯೋಸೇಫನಿಗೆ ಅಧಿಕಾರವನ್ನು ಕೊಟ್ಟಾಗ ಅವನ ಕೊರಳಿಗೆ ಹಾಕಿದ ಚಿನ್ನದ ಸರಕ್ಕೆ ‘ರಾವೀದ್’ ಎಂದು ಹೆಸರು. ಮಹಾಯಾಜಕನ ಎದೆಪದಕವನ್ನು ಹಿಡಿದಿದ್ದ, ಹಗ್ಗದಂತೆ ಹೊಸೆದ ಸರಪಣಿಗಳು ‘ಶರ್ಶೆರೋತ್’. ಯೆಶಾಯನು ಸಿರಿವಂತೆಯರ ಬೆಡಗನ್ನು ಹಳಿಯುತ್ತ ಎಣಿಸುವ ಕಾಲಿನ ಒಡವೆಯೊಂದಕ್ಕೆ ‘ಹೆಜ್ಜೆ’ ಎಂಬ ಧಾತುವಿನಿಂದಲೇ ಹೆಸರು ಹುಟ್ಟಿದೆ. ಇವೆಲ್ಲಕ್ಕಿಂತಲೂ ಅರ್ಥಪುಷ್ಟಿಯುಳ್ಳ ಶಬ್ದವೆಂದರೆ ‘ಅನಾಕ್’ ಎಂಬುದು.

ಅನಾಕ್ ಎಂದರೆ ಕೊರಳ ಸರ. ಪರಮಗೀತದಲ್ಲಿ ನಲ್ಲನ ಮನಸ್ಸನ್ನು ಸೂರೆಗೊಳ್ಳುವುದು ನಲ್ಲೆಯ ಕೊರಳ ಅನಾಕ್. ನ್ಯಾಯಸ್ಥಾಪಕರ ಚರಿತ್ರೆಯಲ್ಲಿ ಗಿದ್ಯೋನನು ಗೆದ್ದ ಮಿದ್ಯಾನ್ ಅರಸರ ಒಂಟೆಗಳ ಕೊರಳಲ್ಲಿದ್ದುದೂ ಅನಾಕ್. ಹೆಣ್ಣಿಗೂ ಒಂಟೆಗೂ ಒಂದೇ ಒಡವೆಯೇ ಎಂದು ನಗುವವರು ಸಿದ್ಧಗಂಗೆಯ ದನಗಳ ಜಾತ್ರೆಯನ್ನು ಒಮ್ಮೆ ನೆನೆಯಬಹುದು. ತನ್ನ ಕೊರಳಿನಲ್ಲಿ ಕರಿದಾರದ ಹೊರತು ಮತ್ತೇನೂ ಇಲ್ಲದ ರೈತನು ಎತ್ತಿನ ಕೊರಳಿಗೆ ಗೆಜ್ಜೆಯ ಸರವನ್ನು ಕಟ್ಟಿ ಅಭಿಮಾನದಿಂದ ನಡೆಸಿಕೊಂಡು ಬರುವುದು ಅಲ್ಲಿ ಕಾಣದ ನೋಟವಲ್ಲ. ಇನ್ನು ಜ್ಞಾನೋಕ್ತಿಗಳ ಗ್ರಂಥವು ತಾಯಿತಂದೆಗಳ ಬುದ್ಧಿವಾದವನ್ನು ಮಗನ ಕೊರಳಿನ ಅನಾಕ್ ಎನ್ನುತ್ತದೆ. ಕೀರ್ತನೆಯೊಂದು ದುಷ್ಟರ ಗರ್ವವನ್ನೂ ಅದೇ ಒಡವೆಗೆ ಹೋಲಿಸುತ್ತದೆ. ಸರವೊಂದೇ, ಕೊರಳಿನಿಂದ ಕೊರಳಿಗೆ ಅದರ ಬೆಲೆ ಬೇರೆ.

ಆದರೆ ಈ ಶಬ್ದದ ನಿಜವಾದ ಕಾಂತಿಯು ತೋರುವುದು ಒಡವೆಯೇ ಇಲ್ಲದ ಒಂದೆಡೆಯಲ್ಲಿ. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದಲ್ಲಿ ದಾಸನ ಬಿಡುಗಡೆಯ ವಿಧಿಯೊಂದಿದೆ. ತನ್ನನ್ನು ಮಾರಿಕೊಂಡ ಸ್ವಜನನು ಆರು ವರ್ಷ ದುಡಿದ ಮೇಲೆ ಏಳನೆಯ ವರ್ಷದಲ್ಲಿ ಅವನನ್ನು ಬಿಡಬೇಕು. ಬಿಡುವಾಗ ಬರಿಗೈಯಲ್ಲಿ ಕಳುಹಿಸದೆ ಕುರಿಮಂದೆಯಿಂದಲೂ ಕಣದಿಂದಲೂ ದ್ರಾಕ್ಷಿಯ ಆಲೆಯಿಂದಲೂ ಕೊಡಬೇಕು. ಈ ‘ಕೊಡು’ ಎಂಬಲ್ಲಿ ಮೂಲವು ಬಳಸುವ ಕ್ರಿಯಾಪದವು ಅನಾಕ್ ಶಬ್ದದ ಧಾತುವಿನದೇ. ಅದೂ ದ್ವಿರುಕ್ತಿಯಿಂದ ಒತ್ತಿ ಹೇಳಿದ್ದು. ಅಕ್ಷರಾರ್ಥವನ್ನು ಹಿಡಿದರೆ ‘ಅವನ ಕೊರಳಿಗೆ ಸರವನ್ನು ತೊಡಿಸು’ ಎಂದಾಗುವುದು. ಗ್ರೀಕ್ ಮತ್ತು ಲ್ಯಾಟಿನ್ ಭಾಷಾಂತರಗಳು ಇದನ್ನು ದಾರಿಯ ಬುತ್ತಿ ಎಂಬ ಅರ್ಥದಲ್ಲಿ ತಂದವು. 1611ರ ಇಂಗ್ಲಿಷ್ ಬೈಬಲು ಧಾರಾಳವಾಗಿ ಕೊಡುವುದೆಂದಿತು. ತಾತ್ಪರ್ಯವು ಉಳಿಯಿತು, ಸರವು ಹೋಯಿತು.

ಹೋದುದನ್ನು ಎತ್ತಿ ತೋರಿಸಿದವರು ಯೆಹೂದ್ಯ ವ್ಯಾಖ್ಯಾನಕಾರರು. 1040ರಿಂದ 1105ರವರೆಗೆ ಬಾಳಿದ ರಾಶಿ ಎಂಬ ಪಂಡಿತರ ಮತದಂತೆ, ಇದು ಎದ್ದು ಕಾಣುವ ಒಡವೆಯ ಮಾತು; ಯಜಮಾನನು ಆಳಿಗೆ ಮಾಡಿದ ಉಪಕಾರವು ಕಣ್ಣಿಗೆ ಕಾಣುವಂತಿರಬೇಕೆಂದು ತಾತ್ಪರ್ಯ. ಕೊರಳಿನ ಮೇಲೆ ಹೊರಿಸುವುದೆಂದು ಅರ್ಥ ಮಾಡುವವರೂ ಉಂಟೆಂದು ಅವರೇ ಹೇಳಿದ್ದಾರೆ. ಎಷ್ಟು ಕೊಡಬೇಕೆಂಬ ಚರ್ಚೆಯೂ ತಾಲ್ಮುದಿನಲ್ಲಿದೆ: ಮೆಯೀರರು 15, ಯೆಹೂದರು 30, ಶಿಮೋನರು 50 ಬೆಳ್ಳಿಯ ನಾಣ್ಯಗಳೆಂದರು. ಇಂದಿನ ಹೀಬ್ರೂವಿನಲ್ಲಿ ಸಹಾಯಧನಕ್ಕಿರುವ ‘ಮಾನಾಕ್’ ಎಂಬ ಹೆಸರೂ ಈ ಧಾತುವಿನಿಂದ ಬಂದುದೇ.

ಕನ್ನಡದಲ್ಲಿ ಒಬ್ಬನ ‘ಕೊರಳಿಗೆ ಕಟ್ಟುವುದು’ ಎಂದರೆ ಬೇಡದ ಹೊರೆಯನ್ನು ಅವನ ಪಾಲಿಗೆ ಹಾಕುವುದು. ಈ ನುಡಿಗಟ್ಟು ಸುಮ್ಮನೆ ಹುಟ್ಟಿತೆನ್ನುವಂತಿಲ್ಲ. ತಂದೆಯ ಸಾಲವು ಮಗನ ಕೊರಳಿಗೆ ಬಿದ್ದು, ಜೀತವು ತಲೆಯಿಂದ ತಲೆಗೆ ಇಳಿದ ನಾಡು ಇದು. 1976ರ ಕಾಯಿದೆಯು ಜೀತವನ್ನು ರದ್ದುಮಾಡಿ ಸಾಲವನ್ನೂ ಅಳಿಸಿತು. ಸರಪಣಿಯನ್ನು ಬಿಚ್ಚುವುದು ಕಾಯಿದೆಯ ಕೆಲಸ. ಬಿಚ್ಚಿದ ಕೊರಳಿಗೆ ಸರವನ್ನು ತೊಡಿಸುವುದು ಯಜಮಾನನ ಕೆಲಸ. ಎರಡನೆಯದಕ್ಕೆ ಕಣದಲ್ಲಿ ರಾಗಿಯ ರಾಶಿಯಿದ್ದರೂ ಅನೇಕರಿಗೆ ಕೈ ಬಾರದು.

ಹಾಗೆಂದು ಇಂತಹ ಕೊಡುಗೆಗೆ ಕನ್ನಡದಲ್ಲಿ ಮಾತೇ ಇಲ್ಲವೆನ್ನಲಾಗದು. ತವರಿನಿಂದ ಹೊರಡುವ ಮಗಳಿಗೆ ಗುಬ್ಬಿ, ಕುಣಿಗಲುಗಳ ಮನೆಗಳಲ್ಲಿ ಮಡಿಲಕ್ಕಿಯನ್ನು ತುಂಬುವರು. ಅಕ್ಕಿ, ಬೆಲ್ಲ, ಕೊಬ್ಬರಿಗಳನ್ನು ಅಲ್ಲಿ ಯಾರೂ ಲೆಕ್ಕವಿಟ್ಟು ಕೊಡುವುದಿಲ್ಲ. ಅವಳ ಹಸಿವಿಗಾಗಿಯೂ ಕೊಡುವುದಿಲ್ಲ. ಬರಿದಾದ ಮಡಿಲಿನಲ್ಲಿ ಅವಳು ಹೊಸಲು ದಾಟಿದರೆ ಮನೆಗೇ ಕೊರತೆಯೆಂದು ಕೊಡುವರು. ಹೀಬ್ರೂ ಶಾಸ್ತ್ರಕಾರನು ದಾಸನ ವಿಷಯದಲ್ಲಿ ಹೇಳಿದುದು ಇದನ್ನೇ.

ಓದುಬರಹ ಬಲ್ಲ ಮನೆಗಳಲ್ಲಿ ಇಂದು ಜೀತದಾಳಿಲ್ಲ. ಆದರೆ ಇಪ್ಪತ್ತು ವರ್ಷ ಪಾತ್ರೆ ತೊಳೆದು, ಮಕ್ಕಳನ್ನು ಎತ್ತಿ ಆಡಿಸಿದ ಹೆಂಗಸು ಕೈಯಲ್ಲಿ ಶಕ್ತಿ ಸಾಲದೆ ಕೆಲಸ ಬಿಡುವ ದಿನವೊಂದು ಆ ಮನೆಗಳಿಗೂ ಬರುತ್ತದೆ. ಆ ತಿಂಗಳಿನ ಹದಿನೇಳು ದಿನಗಳ ಲೆಕ್ಕವನ್ನು ಚುಕ್ತಾ ಮಾಡಿ ಬಾಗಿಲಿನ ಸರಪಣಿಯನ್ನು ಹಾಕಿಕೊಳ್ಳುವವರಿದ್ದಾರೆ. ಅವಳನ್ನು ಒಳಗೆ ಕರೆದು, ಮಣೆಯ ಮೇಲೆ ಕುಳ್ಳಿರಿಸಿ, ಕುಂಕುಮವಿತ್ತು, ಮಡಿಲು ತುಂಬಿ, ಮುಂದಿನ ದಿನಗಳಿಗೆ ಆಗುವಷ್ಟು ಹಣವನ್ನೂ ಕೈಯಲ್ಲಿಟ್ಟು ಕಳುಹಿಸುವ ಗೃಹಿಣಿಯರೂ ಇದ್ದಾರೆ. ಅವರು ಹೀಬ್ರೂವಿನ ಒಂದಕ್ಷರವನ್ನೂ ಓದಿದವರಲ್ಲ. ಆದರೂ ಆ ಶಬ್ದದ ಅರ್ಥವನ್ನು ಅವರು ಬಲ್ಲರು.